ಗಂಟಿನ ಪಾಳಿ

ನನ್ನ ಮಗಳ ಮೊದಲ ಪೂರ್ತಿ ಮಾತು ನನ್ನ ಕಿವಿಗೆ ಬೀಳಬೇಕಾಗಿತ್ತು. ಹೆತ್ತವಳು ನಾನು, ಡಿ.ಎಡ್. ಓದಿದವಳು ನಾನು, ಆ ಒಂದು ಮಾತಿಗಾಗಿ ತಿಂಗಳುಗಟ್ಟಲೆ ಗಂಟಲು ಒಣಗಿಸಿಕೊಂಡವಳೂ ನಾನೇ. ಅದು ಹೋಗಿ ಬಿದ್ದದ್ದು ಊರಿನ ಅಂಗನವಾಡಿ ಅಕ್ಕೋರ ಕಿವಿಗೆ. ಈಗಲೂ ನೆನೆಸಿಕೊಂಡರೆ ಹೊಟ್ಟೆಯೊಳಗೆ ಮೆಣಸಿನಕಾಯಿ ಹುರಿದ ಹಾಗಾಗುತ್ತದೆ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೊಂದು ಚಂದದ ಹೆಸರಿಟ್ಟು ಬರೆಯಲು ನನಗೆ ಮನಸ್ಸಿಲ್ಲ.

ನಾನು ಹುಟ್ಟಿ ಬೆಳೆದದ್ದು ಚಿಕ್ಕೋಡಿಯಲ್ಲಿ. ಕೊಟ್ಟದ್ದು ಕಬ್ಬೂರಿನಾಚೆಯ ಒಂದು ಹಳ್ಳಿಗೆ. ಕಬ್ಬಿನ ಹೊಲ, ನಾಲ್ಕು ಎಮ್ಮೆ, ಸದಾ ಮಾತಾಡುವ ಅತ್ತೆ, ಕೇಳಿದ್ದಕ್ಕೂ ಉತ್ತರ ಕೊಡದ ಗಂಡ. ಮದುವೆಯಾದ ಹೊಸತರಲ್ಲೇ ಊರಿನ ಅಂಗನವಾಡಿಗೆ ಕಾರ್ಯಕರ್ತೆಯ ಜಾಗಕ್ಕೆ ಅರ್ಜಿ ಕರೆದರು. ನಾನು ಹಾಕಿದೆ. ಹಿಂದಿನ ಓಣಿಯ ಇನ್ನೊಬ್ಬಳೂ ಹಾಕಿದಳು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು, ಪಿಯುಸಿ ಓದಿದ್ದಳು, ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ವಿಧವೆಯರಿಗೆ ಮೊದಲ ಆದ್ಯತೆ ಅಂದರು, ಜಾಗ ಅವಳಿಗೆ ಹೋಯಿತು. ತಪ್ಪೇನೂ ಇಲ್ಲ ಎಂದು ನನ್ನ ತಲೆ ಒಪ್ಪಿತು, ಹೊಟ್ಟೆ ಒಪ್ಪಲಿಲ್ಲ. ಅವಳು ಪೇಡೆ ಕೊಡಲು ಮನೆಗೆ ಬಂದಾಗ ನಗುನಗುತ್ತ ಇಸಿದುಕೊಂಡೆ. ಅವಳು ಓಣಿ ತಿರುಗಿದ ಕೂಡಲೇ ಒಯ್ದು ಎಮ್ಮೆಯ ಮುಂದೆ ಹಾಕಿದೆ, ಅದು ತಿಂದಿತು.

ಅಂದಿನಿಂದ ಊರಿಗೆಲ್ಲ ಅವಳು ಅಕ್ಕೋರು ಆದಳು. ನಾನೂ ಎದುರಿಗೆ ಅಕ್ಕೋರ ಎಂದೇ ಕರೆಯುತ್ತಿದ್ದೆ, ಮನಸ್ಸಿನಲ್ಲಿ ಏನೆಂದು ಕರೆಯುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಮಗಳು ಹುಟ್ಟಿದಳು. ಇವಳೇ ನನ್ನ ಶಾಲೆ, ನನ್ನ ಹಾಜರಿ, ನನ್ನ ಪರೀಕ್ಷೆ ಅಂದುಕೊಂಡೆ. ಆದರೆ ಎರಡು ವರ್ಷ ಮುಗಿದು ಆರು ತಿಂಗಳಾದರೂ ಮಗು ಆಡುತ್ತಿದ್ದದ್ದು ಬೆರಳೆಣಿಕೆಯ ಮಾತು. ಅವ್ವ, ಹಾಲು, ಬ್ಯಾಡ, ಎಮ್ಮೆಗೊಂದು ಸದ್ದು, ನಾಯಿಗೊಂದು ಸದ್ದು. ನಿಪ್ಪಾಣಿಯಲ್ಲಿದ್ದ ನನ್ನ ತಂಗಿಯ ಮಗ ಇವಳಿಗಿಂತ ಎರಡು ತಿಂಗಳು ಚಿಕ್ಕವನು. ಅವನು ಇಂಗ್ಲಿಷ್ ಪದ್ಯ ಹೇಳುವ ವಿಡಿಯೋವನ್ನು ತಂಗಿ ದಿನ ಬಿಟ್ಟು ದಿನ ಸ್ಟೇಟಸ್ಸಿಗೆ ಹಾಕುತ್ತಿದ್ದಳು. ನಾನು ನೋಡಿ, ಎರಡು ಹೃದಯದ ಚಿತ್ರ ಕಳಿಸಿ, ಮೊಬೈಲನ್ನು ಹಾಸಿಗೆಯ ಮೇಲೆ ಒಗೆಯುತ್ತಿದ್ದೆ.

ಹನುಮಪ್ಪನ ಗುಡಿಯ ಗಂಟೆಯಲ್ಲಿ ನೀರು ಹಿಡಿದು ಕುಡಿಸು, ಮಾತು ಬರುತ್ತದೆ ಎಂದು ಅತ್ತೆ ಹೇಳಿದರು. ಓದಿದವಳ ಗತ್ತಿನಲ್ಲಿ ನಾನು ಅವರನ್ನು ಗದರಿದೆ. ಗದರಿದ ಮಾರನೆಯ ದಿನವೇ ಯಾರಿಗೂ ಹೇಳದೆ ಹೋಗಿ ಕುಡಿಸಿಕೊಂಡು ಬಂದೆ. ಬಜೆ ತೇಯ್ದು ನಾಲಿಗೆಗೆ ಸವರಿದೆ. ಮಗು ಮುಖ ಕಿವುಚಿ ಉಗುಳಿತು, ಮಾತು ಬರಲಿಲ್ಲ.

ಆಮೇಲೆ ನನ್ನ ವಿದ್ಯೆ ತೆಗೆದೆ. ಚಿಕ್ಕೋಡಿ ಪೇಟೆಗೆ ಹೋಗಿ ಹಣ್ಣಿನದೊಂದು, ತರಕಾರಿಯದೊಂದು, ಪ್ರಾಣಿಗಳದೊಂದು, ವಾಹನಗಳದೊಂದು ಚಾರ್ಟು ತಂದು ಪಡಸಾಲೆಯ ಗೋಡೆಗೆ ಬಡಿದೆ. ಮುಂಜಾನೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಕೈಯಲ್ಲಿ ಒಂದಡಿಯ ಮರದ ಪಟ್ಟಿ. ಚಿತ್ರಕ್ಕೆ ಪಟ್ಟಿ ಹಚ್ಚಿ, ಇದೇನು ಎಂದು ಕೇಳುವುದು. ಮಗು ಪಟ್ಟಿಯ ತುದಿ ನೋಡುತ್ತಿತ್ತು, ಆಮೇಲೆ ನನ್ನ ಮುಖ ನೋಡುತ್ತಿತ್ತು, ಆಮೇಲೆ ತುಟಿ ಬಿಗಿದುಕೊಂಡು ಕಾಲಿನ ಹೆಬ್ಬೆರಳು ನೋಡುತ್ತಿತ್ತು. ನಾನು ಕಾಯುತ್ತಿದ್ದೆ. ಒಂದು ದಿನವೂ ಕೈ ಎತ್ತಲಿಲ್ಲ. ಮಕ್ಕಳನ್ನು ಹೊಡೆದು ಕಲಿಸಬಾರದು ಎಂದು ಓದಿದ್ದೆನಲ್ಲ, ಅದರ ಬಗ್ಗೆ ನನಗೆ ಭಾರೀ ಹೆಮ್ಮೆಯಿತ್ತು.

ಮನೆಯಲ್ಲಿ ಇನ್ನೊಂದು ಕಾಯಿದೆಯನ್ನೂ ಮಾಡಿದೆ. ಮಗುವಿನ ಮುಂದೆ ಯಾರೂ ಐತಿ ಅನ್ನಕೂಡದು, ಇದೆ ಅನ್ನಬೇಕು. ಬಟಾಟಿ ಅನ್ನಕೂಡದು, ಆಲೂಗಡ್ಡೆ. ಗಜ್ಜರಿ ಅನ್ನಕೂಡದು, ಕ್ಯಾರೆಟ್. ಅರ್ಧ ಮರಾಠಿ, ಅರ್ಧ ಕನ್ನಡ ಕಲಸಿ ಮಾತಾಡಿದರೆ ಮಗುವಿನ ತಲೆ ಗೊಂದಲವಾಗುತ್ತದೆ ಎಂದು ಅತ್ತೆಗೆ ಪಾಠ ಹೇಳಿದೆ. ಪಾಪ, ಅತ್ತೆ ಎರಡು ದಿನ ಪ್ರಯತ್ನ ಪಟ್ಟರು. ಮೊಮ್ಮಗಳಿಗೆ ಒಂದು ಮಾತು ಹೇಳುವುದು, ಸರಿಯಾಯಿತೇ ಎಂದು ನನ್ನ ಮುಖ ನೋಡುವುದು. ಮೂರನೆಯ ದಿನ, ತಾನು ಮಾತಾಡಿದರೆ ತಪ್ಪಾಗುತ್ತದೆ, ನೀನೇ ಕಲಿಸವ್ವ ಎಂದು ಹೇಳಿ ಹುಣಸೆಹಣ್ಣು ಬಿಡಿಸುತ್ತ ಕೂತುಬಿಟ್ಟರು. ಗಂಡ ಮೊದಲೇ ಮೂಕಬಸವ. ಹೀಗೆ ಮಗು ಇದ್ದಲ್ಲೆಲ್ಲ ನನ್ನ ದನಿಯೊಂದೇ ಕೇಳುತ್ತಿತ್ತು. ಅದು ನನಗೆ ಆಗ ತಪ್ಪು ಅನ್ನಿಸಲೇ ಇಲ್ಲ.

ಮೂರು ತುಂಬಿದ ಮೇಲೆ ಅತ್ತೆ ಮಗುವನ್ನು ಅಂಗನವಾಡಿಗೆ ಕರೆದೊಯ್ಯುತ್ತೇನೆ ಅಂದರು. ಅವಳ ಕೈಗೆ ನನ್ನ ಮಗಳೇ? ನನ್ನ ಮೈ ಉರಿಯಿತು. ಆದರೆ ಕಬ್ಬು ಕಡಿಯುವ ಹಂಗಾಮು, ಹೊಲದಾಳುಗಳಿಗೆ ಬುತ್ತಿ ಕಟ್ಟಬೇಕು, ಒಲೆ ಬಿಟ್ಟು ಏಳುವ ಹಾಗಿಲ್ಲ. ಚಿಕ್ಕೋಡಿಯ ಇಂಗ್ಲಿಷ್ ನರ್ಸರಿಯ ವ್ಯಾನು ನಮ್ಮೂರಿಗೆ ಬರುವವರೆಗೆ ಮಾತ್ರ ಎಂದು ಒಪ್ಪಿದೆ.

ಮೂರು ತಿಂಗಳಾಗಿರಬೇಕು. ಆಧಾರ್ ಝೆರಾಕ್ಸ್ ಬೇಕೆಂದು ಅಕ್ಕೋರು ಹೇಳಿ ಕಳಿಸಿದ್ದರಿಂದ ಒಂದು ದಿನ ನಾನೇ ಅಂಗನವಾಡಿಗೆ ಹೋದೆ. ಒಳಗೆ ಗದ್ದಲವಿತ್ತು. ಬಾಗಿಲಿಗೆ ಹೋಗದೆ ಕಿಟಕಿಯ ಹತ್ತಿರ ನಿಂತು ಇಣುಕಿದೆ. ನಿಜ ಹೇಳುತ್ತೇನೆ, ಅವಳ ತಪ್ಪೇನಾದರೂ ಸಿಗುತ್ತದೆಯೇ ಎಂದು ನೋಡಲಿಕ್ಕೇ ನಿಂತಿದ್ದು.

ಮಕ್ಕಳು ದುಂಡಗೆ ಕೂತಿದ್ದರು. ನಡುವೆ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು. ಒಂದೊಂದು ಮಗು ಅದನ್ನು ಎತ್ತಿ, ಹಿಚುಕಿ, ಅಲ್ಲಾಡಿಸಿ, ಮೂಸಿ ಪಕ್ಕದವರಿಗೆ ದಾಟಿಸುತ್ತಿತ್ತು. ಮೆತ್ತಗೈತಿ ಎಂದಿತು ಒಂದು. ಸೆಗಣಿ ವಾಸನಿ ಎಂದಿತು ಇನ್ನೊಂದು. ಇದಕ್ಕೆ ಗಂಟಿನ ಪಾಳಿ ಎಂದು ಹೆಸರಿತ್ತು ಎಂದು ನನಗೆ ಆಮೇಲೆ ತಿಳಿಯಿತು. ದಿನಕ್ಕೊಂದು ಮಗುವಿನ ಪಾಳಿ. ಮಗು ತನ್ನ ಮನೆಯಲ್ಲಿ ತನಗೆ ಬೇಕೆನಿಸಿದ ಒಂದು ಸಾಮಾನು ಆರಿಸಬೇಕು, ಮನೆಯ ದೊಡ್ಡವರು ಅದನ್ನು ಬಟ್ಟೆಯಲ್ಲಿ ಕಟ್ಟಿಕೊಡಬೇಕು, ಇದು ಬೇಡ ಅದು ಒಯ್ಯಿ ಎಂದು ನಡುವೆ ಬಾಯಿ ಹಾಕುವ ಹಾಗಿಲ್ಲ. ಎಲ್ಲರೂ ಮುಟ್ಟಿ ಹೇಳಿದ ಮೇಲೆ ಗಂಟು ಬಿಚ್ಚುವುದು, ತಂದವರು ಅದರ ಸುದ್ದಿ ಹೇಳುವುದು. ಅಂದು ಬಿಚ್ಚಿದಾಗ ಬಂದದ್ದು ಕರು ಕಟ್ಟುವ ಕಣ್ಣಿ, ಹಳೆಯ ಹಗ್ಗ. ತಂದ ಹುಡುಗಿ ನಾಚಿ ಸುಮ್ಮನಾಯಿತು. ತನ್ನ ಮನೆಯಲ್ಲಿ ದನವಿಲ್ಲ, ಇದರ ಸುದ್ದಿ ತನಗೆ ಗೊತ್ತಿಲ್ಲ, ಯಾರಾದರೂ ಹೇಳಿ ಎಂದು ಅಕ್ಕೋರು ಕೇಳಿದಳು.

ಆಗ ನನ್ನ ಮಗಳು ಎದ್ದು ನಿಂತಳು.

"ನಮ್ಮನ್ಯಾಗೂ ಐತಿ. ಕರ ಹಾಲ ಕುಡದ ಮ್ಯಾಲ ಅಜ್ಜಿ ಕಟ್ತಾಳ. ಅದು ಒಲ್ಲೆ ಅಂತ ಜಗ್ಗತೈತಿ. ಅಜ್ಜಿ ಅದಕ್ಕ ಮುತ್ತ ಕೊಡ್ತಾಳ."

ನನಗೆ ಖುಷಿಯಾಗಬೇಕಿತ್ತು. ಮಗು ಮೂಕಿಯಲ್ಲ, ಬಾಯಿ ತುಂಬ ಮಾತಿದೆ, ದೇವರೇ ಎಂದು ಕೈ ಮುಗಿಯಬೇಕಿತ್ತು. ಅದೆಲ್ಲ ಆಮೇಲೆ ಬಂತು. ಮೊದಲು ಬಂದದ್ದು ಉರಿ. ಈ ಮಾತು ನನ್ನದು, ನನಗೆ ಬರಬೇಕಾದದ್ದು, ಇವಳು ಯಾರು ಇದನ್ನು ಕೂತಲ್ಲೇ ಇಸಿದುಕೊಳ್ಳಲು? ಜಾಗ ತೆಗೆದುಕೊಂಡದ್ದು ಸಾಲಲಿಲ್ಲವೇ? ಕೈಯಲ್ಲಿದ್ದ ಝೆರಾಕ್ಸ್ ಮುದುಡಿ ಮುದ್ದೆಯಾಗಿತ್ತು. ಅದನ್ನು ಕೊಡದೆ ಮನೆಗೆ ಬಂದೆ.

ಅತ್ತೆಯನ್ನು ಹಿಡಿದು ಕೇಳಿದೆ. ಹೌದು, ದಾರಿಯುದ್ದಕ್ಕೂ ಮಾತಾಡುತ್ತಾಳೆ, ಕಬ್ಬಿನ ಸುದ್ದಿ, ಬೆಳ್ಳಕ್ಕಿಯ ಸುದ್ದಿ, ಯಾರ ಮನೆಯ ನಾಯಿ ಮರಿ ಹಾಕಿತು ಎಂಬುದೆಲ್ಲ ಕೇಳುತ್ತಾಳೆ, ತಾನೂ ಹೇಳುತ್ತೇನೆ ಅಂದರು. ನಿನಗೆ ಯಾಕೆ ಹೇಳಲಿಲ್ಲವೆಂದರೆ, ತಾನು ಅವಳ ಕೂಡ ಐತಿ ಅಂದೇ ಮಾತಾಡುತ್ತೇನಲ್ಲ, ನಿನಗೆ ಸಿಟ್ಟು ಬರುತ್ತದೆ ಎಂದರು. ಅಂದರೆ ನನ್ನ ಮನೆಯ ಹೊಸಿಲು ದಾಟಿದ ಕೂಡಲೇ ನನ್ನ ಮಗಳಿಗೆ ಮಾತು ಬರುತ್ತಿತ್ತು. ಎರಡು ದಿನ ಅತ್ತೆಯ ಜೊತೆ ನಾನು ಮಾತು ಬಿಟ್ಟೆ, ತಪ್ಪು ಅವರದೇ ಎಂಬಂತೆ.

ಸುಮ್ಮನೆ ಕೂರುವ ಜಾತಿ ನನ್ನದಲ್ಲ. ಅವಳು ಮಾಡಿದ್ದನ್ನು ನಾನು ಮಾಡಲಾರೆನೇ ಎಂದು ಒಂದು ಸೌಟನ್ನು ಟವೆಲ್ಲಿನಲ್ಲಿ ಕಟ್ಟಿ ಮಗಳ ಮುಂದಿಟ್ಟೆ. ಮುಟ್ಟು, ಏನಿದೆ ಹೇಳು ಅಂದೆ. ಅವಳು ಗಂಟು ನೋಡಿದಳು, ನನ್ನ ಮುಖ ನೋಡಿದಳು, ಹೆಬ್ಬೆರಳು ನೋಡಿದಳು. ಆಯಿತಲ್ಲ, ಮುಗಿಯಿತು. ಇನ್ನೊಂದು ದಿನ ಹಿತ್ತಿಲಲ್ಲಿ ಅವಳ ದನಿ ಕೇಳಿ ಮೆಲ್ಲಗೆ ಹೋದೆ. ಎಮ್ಮೆಕರುವನ್ನು ಎದುರಿಗೆ ನಿಲ್ಲಿಸಿಕೊಂಡು, ಥೇಟ್ ಅಕ್ಕೋರ ದನಿಯಲ್ಲಿ, ಇವತ್ತ ಯಾರ ಪಾಳಿ, ನನಗ ಗೊತ್ತಿಲ್ಲ ನೀನ ಹೇಳು ಎಂದು ಕೇಳುತ್ತಿದ್ದಳು. ಒಣಗಿದ ಎಲೆ ನನ್ನ ಕಾಲಡಿ ಸದ್ದು ಮಾಡಿತು. ಅವಳು ತಿರುಗಿ ನನ್ನನ್ನು ಕಂಡು ಬಾಯಿ ಮುಚ್ಚಿದಳು. ಎಮ್ಮೆಕರುವಿಗೆ ಸಿಕ್ಕ ಮಾತು ನನಗಿಲ್ಲ! ಆ ಕರುವಿನ ಮೇಲೂ ನನಗೆ ಅಂದು ಹೊಟ್ಟೆ ಉರಿಯಿತು, ನಗುವವರು ನಗಲಿ.

ಆ ತಿಂಗಳು ತಾಯಂದಿರ ಸಭೆಗೆ ಮೇಲ್ವಿಚಾರಕಿ ಮೇಡಂ ಬಂದರು. ಓದಿದವಳು ಎಂದು ನನ್ನನ್ನು ಅವರ ಪಕ್ಕದಲ್ಲೇ ಕೂರಿಸಿದ್ದರು. ಅಕ್ಕೋರು ಹೊರಗೆ ಮಕ್ಕಳಿಗೆ ಮೊಟ್ಟೆ ಬಿಡಿಸಿ ಕೊಡುತ್ತಿದ್ದಾಗ ನಾನು ಮೆಲುದನಿಯಲ್ಲಿ ಹೇಳಿದೆ. ಸರ್ಕಾರ ಕೊಟ್ಟ ಚಾರ್ಟುಗಳು ಸುರುಳಿ ಸುತ್ತಿ ಕಪಾಟಿನ ಮೇಲಿವೆ. ಅ ಆ ಇ ಈ ಇಲ್ಲ, ಇಂಗ್ಲಿಷ್ ಅಂತೂ ಕೇಳಲೇಬೇಡಿ. ಮನೆಮನೆಯ ಗಲೀಜು ಸಾಮಾನು ತರಿಸಿ ಮಕ್ಕಳ ಕೈಗೆ ಕೊಡುತ್ತಾರೆ, ನಾಳೆ ಏನಾದರೂ ಚುಚ್ಚಿದರೆ ಯಾರು ಹೊಣೆ? ಒಂದೊಂದು ಮಾತೂ ಅಳೆದು ತೂಗಿ ಹೇಳಿದೆ. ಮಕ್ಕಳ ಮೇಲಿನ ಕಾಳಜಿ ಎಂದು ಮೇಡಂಗೆ ಅನ್ನಿಸಿರಬೇಕು. ಮುಂದಿನ ವಾರ ಹೇಳದೆ ಕೇಳದೆ ಬಂದು ನೋಡುತ್ತೇನೆ, ನೀವೂ ಇರಿ ಎಂದರು. ದಿನ ಯಾವುದು ಎಂದು ನನಗೊಬ್ಬಳಿಗೇ ಹೇಳಿದರು.

ಆ ವಾರವೆಲ್ಲ ನನಗೆ ಹಬ್ಬ. ಅಕ್ಕೋರು ಬೈಸಿಕೊಳ್ಳುವುದನ್ನು ಕಣ್ಣಾರೆ ನೋಡಬೇಕು, ಆಮೇಲೆ ಮಗಳನ್ನು ಅಲ್ಲಿಂದ ಬಿಡಿಸಿ ತಂದು ನನ್ನ ಮುಂದೆ ಕೂರಿಸಿಕೊಳ್ಳಬೇಕು. ಮಗಳ ಮಾತೆಲ್ಲ ಆಗ ಎಲ್ಲಿಗೆ ಹೋಗುತ್ತದೆ, ನನ್ನ ಹತ್ತಿರವೇ ಬರಬೇಕು. ಹೀಗೆ ಲೆಕ್ಕ ಹಾಕಿಕೊಂಡಿದ್ದೆ.

ಆ ದಿನ ಮುಂಜಾನೆ ಪಾಠಕ್ಕೆಂದು ಹುಡುಕಿದರೆ ಪಟ್ಟಿ ಸಿಗಲಿಲ್ಲ. ಅತ್ತೆಯ ಮೇಲೆ ರೇಗಿದೆ. ಅವರು ಮೊಮ್ಮಗಳಿಗೆ ಜಡೆ ಹಾಕುತ್ತಿದ್ದವರು ತಲೆ ಎತ್ತಲೂ ಇಲ್ಲ. ಮಗಳ ಮಡಿಲಲ್ಲಿ ಹಳೆಯ ಕೌದಿಯ ತುಂಡಿನಲ್ಲಿ ಕಟ್ಟಿದ ಉದ್ದನೆಯ ಗಂಟಿತ್ತು. ಇವತ್ತು ಇವಳ ಪಾಳಿಯೇ ಎಂದುಕೊಂಡೆನೇ ಹೊರತು ಮುಂದೆ ಯೋಚಿಸಲಿಲ್ಲ. ನನ್ನ ತಲೆಯ ತುಂಬ ಮೇಡಂ ಇದ್ದರು.

ಮೇಡಂ ಬಂದರು, ಹಾಜರಿ ನೋಡಿದರು, ಕುರ್ಚಿಯಲ್ಲಿ ಕೂತರು. ನಾನು ಬಾಗಿಲ ಪಕ್ಕ ನಿಂತೆ. ನೀವು ದಿನಾ ಏನು ಮಾಡುತ್ತೀರೋ ಅದನ್ನೇ ಮಾಡಿ ಎಂದು ಅಕ್ಕೋರಿಗೆ ಹೇಳಿದರು. ಅವಳು ಗಾಬರಿಯಲ್ಲಿ ಸೆರಗನ್ನು ಎರಡೆರಡು ಸಲ ಸಿಕ್ಕಿಸಿಕೊಂಡಳು, ನಾನು ನೋಡಿದೆ, ನನಗೆ ಸುಖವಾಯಿತು. ಗಂಟು ಸುತ್ತು ತಿರುಗಿತು. ಗಟ್ಟಿ ಐತಿ, ಉದ್ದ ಐತಿ, ಚಪ್ಪಟಿ ಐತಿ ಎಂದರು ಮಕ್ಕಳು. ಒಂದು ಮಗು ಕಬ್ಬು ಎಂದಿತು, ಇನ್ನೊಂದು ಲಟ್ಟಣಿಗೆ ಎಂದಿತು. ಮಗಳು ಗಂಟು ಬಿಚ್ಚಿದಳು. ನನ್ನ ಮರದ ಪಟ್ಟಿ.

ಇದು ಯಾರದು ಎಂದು ಅಕ್ಕೋರು ಕೇಳಿದಳು. ಅವ್ವಂದು ಎಂದಳು ಮಗಳು. ಇದರಿಂದ ಅವ್ವ ಏನು ಮಾಡುತ್ತಾಳೆ ಎಂದರೆ, ಚಿತ್ರಕ್ಕೆ ಹಚ್ಚಿ ಇದೇನು ಇದೇನು ಅನ್ನುತ್ತಾಳೆ ಎಂದಳು. ಎದುರಿಗೆ ಕೂತ ಹುಡುಗಿಯೊಂದು, ಹೇಳದಿದ್ದರೆ ಹೊಡೆಯುತ್ತಾಳೇನು ಎಂದು ಕೇಳಿತು.

"ಹೊಡಿಯಂಗಿಲ್ಲ," ಎಂದಳು ನನ್ನ ಮಗಳು. "ಬರೇ ನೋಡ್ತಾಳ."

ಹೇಗೆ ನೋಡುತ್ತಾಳೆ ಎಂದು ಯಾರೂ ಕೇಳಲಿಲ್ಲ. ಅವಳೇ ತೋರಿಸಿದಳು. ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ರೆಪ್ಪೆ ಬಡಿಯದೆ, ಪಟ್ಟಿಯನ್ನು ಎದೆಗೆ ಹಿಡಿದು ನಿಂತಳು. ಅಷ್ಟು ಸಣ್ಣ ಮುಖದ ಮೇಲೆ ನನ್ನ ಮುಖ. ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಅಕ್ಕೋರು ನನ್ನ ಕಡೆ ತಿರುಗಲಿಲ್ಲ. ಒಂದು ಸಲ ತಿರುಗಿದ್ದರೆ ಸಾಕಿತ್ತು, ಆ ಅವ್ವ ನಾನೇ ಎಂದು ಮೇಡಂಗೆ ಗೊತ್ತಾಗುತ್ತಿತ್ತು. ಅವಳು ಮಗಳ ಕೈಯಿಂದ ಪಟ್ಟಿ ಇಸಿದುಕೊಂಡು, ನಿಮ್ಮವ್ವನ ಪಟ್ಟಿ ಭಾಳ ಚಲೋ ಐತಿ, ಈ ಕೋಣೆಯಲ್ಲಿ ಇದರಷ್ಟೇ ಉದ್ದ ಏನೇನಿದೆ ನನಗೆ ಗೊತ್ತಿಲ್ಲ, ಹುಡುಕಿ ಹೇಳಿ ಎಂದಳು. ಮಕ್ಕಳು ಎದ್ದು ಓಡಿದವು. ಪಾಟಿ ಗಿಡ್ಡ, ಕಿಟಕಿ ಉದ್ದ, ಅಕ್ಕೋರ ಮುಂಗೈ ಒಂದು ಬೆರಳು ಹೆಚ್ಚು, ಮೇಡಂ ಚಪ್ಪಲಿ ಒಂದು ಬೆರಳು ಕಡಿಮೆ. ಮೇಡಂ ನಕ್ಕು ಕಾಲು ಚಾಚಿದರು. ಏನೋ ಒಳ್ಳೆಯದನ್ನೇ ಪುಸ್ತಕದಲ್ಲಿ ಬರೆದರು. ಆಮೇಲೆ ನನ್ನನ್ನು ಕರೆದು, ನೀವೇನೋ ದೂರು ಹೇಳಿದ್ದಿರಲ್ಲ, ಈಗ ಇವರ ಮುಂದೆಯೇ ಹೇಳಿ ಎಂದರು. ಅಕ್ಕೋರು ಆಗ ತಲೆ ಎತ್ತಿ ನನ್ನನ್ನು ನೋಡಿದಳು. ಏನಿಲ್ರಿ ಎಂದೆ.

ಮೇಡಂ ಹೋದರು. ಮಕ್ಕಳು ಊಟಕ್ಕೆ ಕೂತವು. ಅಕ್ಕೋರು ಪಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಡಲು ಬಂದಳು. ದೂರಿನ ಬಗ್ಗೆ ಒಂದು ಮಾತು ಆಡಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಕ್ಷಮಿಸಿ ಅನ್ನಬೇಕಿತ್ತು, ಬಾಯಿಂದ ಬಂದದ್ದು ಬೇರೆ.

"ಅಕಿ ನಿಮ್ಮ ಕೂಡ ಮಾತಾಡ್ತಾಳ, ನನ್ನ ಕೂಡ ಆಡಂಗಿಲ್ಲ. ಏನ ಮಾಡೀರಿ ನನ್ನ ಮಗಳಿಗೆ?"

ಅವಳು ಗಂಟನ್ನು ನನ್ನ ಕೈಗಿಟ್ಟಳು.

"ನಾ ಏನೂ ಮಾಡಿಲ್ರಿ ವೈನಿ. ನನಗ ಗೊತ್ತಿಲ್ಲದ್ದನ್ನ ಕೇಳ್ತೀನಿ, ಅಷ್ಟ. ನೀವು ಕೇಳೂದೆಲ್ಲಾ ನಿಮಗ ಗೊತ್ತೈತಿ ಅಂತ ಅಕಿಗೂ ಗೊತ್ತೈತಿ. ಗೊತ್ತಿದ್ದವರಿಗೆ ಹೇಳೂದರಾಗ ಏನ ಐತ್ರಿ?"

ಎರಡು ವರ್ಷ ಡಿ.ಎಡ್. ಓದಿ, ನಾಲ್ಕು ಚಾರ್ಟು ಬಡಿದು ನನಗೆ ಹೊಳೆಯದ್ದನ್ನು ಪಿಯುಸಿಯವಳು ಬಾಗಿಲಲ್ಲಿ ನಿಂತು ಹೇಳಿದಳು. ಅವಳು ಹೇಳಿದ್ದು ಸರಿಯಾಗಿತ್ತು. ನನ್ನ ಸಿಟ್ಟೆಲ್ಲ ಅದಕ್ಕೇ.

ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಅತ್ತೆ ಹೊಲಕ್ಕೆ ಬುತ್ತಿ ಒಯ್ದಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ, ಮಗಳು ಅಡುಗೆಮನೆಯ ಹೊಸಿಲ ಹತ್ತಿರ ಮಣೆಯ ಮೇಲೆ ಕೂತಿದ್ದಳು. ನನಗೆ ಗೊತ್ತಿಲ್ಲದ್ದನ್ನು ಕೇಳಬೇಕು. ಏನು ಗೊತ್ತಿಲ್ಲ ನನಗೆ? ಹಣ್ಣಿನ ಹೆಸರು ಗೊತ್ತು, ಹಕ್ಕಿಯ ಹೆಸರು ಗೊತ್ತು, ರೊಟ್ಟಿಗೆ ಎಷ್ಟು ನೀರು ಎಂಬುದೂ ಗೊತ್ತು. ನಿಜವಾಗಿ ಗೊತ್ತಿಲ್ಲದ್ದು ಒಂದೇ ಇತ್ತು. ವಾರಗಟ್ಟಲೆ ನನ್ನನ್ನು ತಿಂದದ್ದು ಅದು. ಅವಳ ಮುಖ ನೋಡದೆ, ಹಂಚಿನ ಕಡೆ ನೋಡುತ್ತ, ಕಾಯಿದೆಯನ್ನೆಲ್ಲ ಮರೆತು ನನ್ನ ತವರಿನ ಮಾತಿನಲ್ಲೇ ಕೇಳಿದೆ.

"ಅಕ್ಕೋರಂದ್ರ ನಿನಗ ಯಾಕ ಅಷ್ಟ ಸೇರತಾರ?"

ನಾನು ತಿರುಗಲಿಲ್ಲ. ಒಂದು ರೊಟ್ಟಿ ಬೆಂದಿತು, ಇನ್ನೊಂದನ್ನು ಹಂಚಿಗೆ ಹಾಕಿ ಮತ್ತೊಂದಕ್ಕೆ ಹಿಟ್ಟು ನಾದಿದೆ.

"ಅಕ್ಕೋರ ಮನ್ಯಾಗ ಮಾತಾಡಾಕ ಯಾರೂ ಇಲ್ಲಂತ," ಎಂದಳು ಮಗಳು ಹಿಂದಿನಿಂದ. "ಅದಕ್ಕ ನಾ ಮಾತಾಡ್ತೀನಿ. ನಿನಗ ಬೇಕಾಗಿಲ್ಲ. ಎಲ್ಲಾ ನೀನ ಮಾತಾಡ್ತಿ."

ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಅವಳು ನಿಲ್ಲಲಿಲ್ಲ. ಅಕ್ಕೋರ ಮನೆಗೆ ಒಂದು ಬೆಕ್ಕು ಬರುತ್ತದೆ, ಅದಕ್ಕೆ ಒಂದು ಕಣ್ಣಿಲ್ಲ. ಅಕ್ಕೋರಿಗೆ ಹಲ್ಲಿ ಕಂಡರೆ ಅಂಜಿಕೆ. ಅಕ್ಕೋರ ಚಪ್ಪಲಿಗೆ ದಾರದ ಹೊಲಿಗೆ ಹಾಕಿದ್ದಾರೆ, ಅದು ಕೆಂಪು ದಾರ. ಅಕ್ಕೋರು ರೊಟ್ಟಿ ಬಡಿದರೆ ಎರಡೇ ಬಡಿಯುತ್ತಾರೆ, ಒಂದು ಬೆಕ್ಕಿಗೆ. ಹುಟ್ಟಿದಾಗಿನಿಂದ ನನ್ನ ಮಗಳು ನನ್ನ ಕೂಡ ಅಷ್ಟು ಮಾತು ಆಡಿರಲಿಲ್ಲ. ನಾನು ಬೇಡಿದ್ದೆಲ್ಲ ಒಮ್ಮೆಗೇ ಮಡಿಲಿಗೆ ಬಂದು ಬೀಳುತ್ತಿತ್ತು, ಅದರಲ್ಲಿ ಒಂದು ಮಾತೂ ನನ್ನ ಬಗ್ಗೆ ಇರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ಕರಕಾಯಿತು.

ಅವಳು ಮಾತು ನಿಲ್ಲಿಸಿದಳು. ಹಾಗಾದರೆ ನಾನು ಯಾರು, ನನ್ನ ಸುದ್ದಿ ಒಂದಾದರೂ ಹೇಳು ಎಂದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದೆ. ಹೊಟ್ಟೆ ಉರಿಯುತ್ತಲೇ ಇತ್ತು, ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ಮತ್ತ ಅಕ್ಕೋರು ಏನೇನ ಮಾಡ್ತಾರ?" ಎಂದು ಕೇಳಿದೆ. "ನನಗ ಗೊತ್ತಿಲ್ಲ, ಹೇಳು."

ಮಗಳು ಮಣೆಯನ್ನು ಜಗ್ಗಿಕೊಂಡು ಒಲೆಯ ಹತ್ತಿರ ಬಂದಳು.